ನನ್ನ ಕಿವಿ ಸರಿ ಇಲ್ವಾ ಸರ್?

ಭಾಗ 1/9

ಚಿತ್ರದಲ್ಲಿ ಇರೋದು ಒಂದು ಜೊತೆ ಸ್ಪೀಕರ್ ಕೇಬಲ್. ಹೆಬ್ಬೆರಳಿನಷ್ಟು ದಪ್ಪ, ನೀಲಿ ನೇಯ್ಗೆಯ ಹೊದಿಕೆ, ತುದಿಗಳಲ್ಲಿ ಚಿನ್ನದ ಲೇಪದ ಪ್ಲಗ್. ಬೆಲೆ 42,000 ರೂಪಾಯಿ. ಎರಡು ವರ್ಷದ ಹಿಂದೆ ಇದೇ ಪೇಜ್‌ನಲ್ಲಿ ಇದರ ಬಗ್ಗೆ ಬರೆದಿದ್ದೆ. ಹಳಬರಿಗೆ ನೆನಪಿರಬಹುದು.

ಕಳೆದ ತಿಂಗಳು ಒಂದು ಮೆಸೇಜ್ ಬಂತು. ಕಳಿಸಿದವರು ಹಾಸನ ಜಿಲ್ಲೆಯ ಒಬ್ಬ ಹೈಸ್ಕೂಲ್ ಮೇಷ್ಟ್ರು. ಅವರನ್ನು ಕೇಳಿಯೇ ಇದನ್ನು ಬರೀತಿದ್ದೀನಿ, ಹೆಸರು ಮಾತ್ರ ಬೇಡ ಅಂದಿದ್ದಾರೆ. ಅವರ ಆಂಪ್ಲಿಫೈಯರ್, ಸ್ಪೀಕರ್ ಎಲ್ಲಾ ಸೇರಿದ್ರೆ ಸುಮಾರು 70,000 ರೂಪಾಯಿಯ ಸಿಸ್ಟಮ್. ಅರಿಯರ್ಸ್ ದುಡ್ಡು ಬಂದಾಗ, ನನ್ನ ಹಳೇ ಪೋಸ್ಟ್ ಓದಿ, ಈ ಕೇಬಲ್ ತರಿಸಿಕೊಂಡಿದ್ದಾರೆ.

ಮೆಸೇಜ್ ಹೀಗಿತ್ತು: ‘ಮೂರು ವಾರದಿಂದ ಕೇಳ್ತಾ ಇದ್ದೀನಿ ಸರ್. ನೀವು ಬರೆದಿದ್ದು ಯಾವುದೂ ನನಗೆ ಕೇಳಿಸ್ತಿಲ್ಲ. ಹಳೇ ವೈರ್ ಹಾಕಿದ್ರೂ ಅಷ್ಟೇ, ಇದು ಹಾಕಿದ್ರೂ ಅಷ್ಟೇ. ನನಗೀಗ 54. ಒಂದ್ಸಲ ಕಿವಿ ಡಾಕ್ಟರ್ ಹತ್ರ ತೋರಿಸಿಕೊಳ್ಳೋದು ಒಳ್ಳೇದಾ? ನನ್ನ ಕಿವಿ ಸರಿ ಇಲ್ವಾ ಸರ್?’

ಇದನ್ನ ಓದಿ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಕೇಬಲ್ ಸರಿ ಇಲ್ವಾ ಅಂತ ಅವರು ಕೇಳಲಿಲ್ಲ. ನೀವು ಬರೆದಿದ್ದು ತಪ್ಪಾ ಅಂತಲೂ ಕೇಳಲಿಲ್ಲ. ಮೂವತ್ತು ವರ್ಷದಿಂದ ಸಂಗೀತ ಕೇಳ್ತಿರೋ ಮನುಷ್ಯ ತನ್ನ ಕಿವಿಯನ್ನೇ ಅನುಮಾನಿಸಿಕೊಂಡರು. ದುಬಾರಿ ಆಕ್ಸೆಸರಿಗಳ ವಿಮರ್ಶೆಯಲ್ಲಿ ನಾವು ಮಾಡ್ತಿರೋ ದೊಡ್ಡ ತಪ್ಪು ಇದೇ ಅಂತ ನನ್ನ ಅಭಿಪ್ರಾಯ. ಬರೆಯೋ ನಮಗೆ ಖಾತ್ರಿ ಇರಲ್ಲ, ಆದರೂ ಖಾತ್ರಿ ಇದ್ದವರ ಹಾಗೆ ಬರೀತೀವಿ. ಕೊನೆಗೆ ಅನುಮಾನ ಹೋಗಿ ಕೂರೋದು ಓದಿದವರ ತಲೆ ಮೇಲೆ.

ಈ ಸರಣಿ ಆ ಮೇಷ್ಟ್ರಿಗೆ ನನ್ನ ಉತ್ತರ. ಉದ್ದ ಇದೆ. ಸೇವ್ ಮಾಡಿಕೊಂಡು ನಿಧಾನಕ್ಕೆ ಓದಿ.

ಭಾಗ 2/9

ಈ ಚಿತ್ರ ನನ್ನ ಹಳೇ ಪೋಸ್ಟ್‌ನ ಸ್ಕ್ರೀನ್‌ಶಾಟ್. ಅಲ್ಲಿರೋ ಸಾಲುಗಳು ನನ್ನವೇ:

‘ಕೇಬಲ್ ಬದಲಾಯಿಸಿದ ಮೊದಲ ನಿಮಿಷಕ್ಕೇ ಪರದೆ ಸರಿದಂತಾಯಿತು. ಮಲ್ಲಿಕಾರ್ಜುನ ಮನ್ಸೂರರ ದನಿಯ ಹಿಂದಿನ ಮೌನ ಇನ್ನಷ್ಟು ಗಾಢವಾಯಿತು. ತಂಬೂರಿಯ ನಾಲ್ಕೂ ತಂತಿ ಬಿಡಿಬಿಡಿಯಾಗಿ ಕಂಡವು. ಯಾರಿಗಾದರೂ ಕೇಳಿಸುವಷ್ಟು ವ್ಯತ್ಯಾಸ.’

ಚೆನ್ನಾಗಿದೆ ಅಲ್ವಾ? ಆವತ್ತು ನನಗೂ ಚೆನ್ನಾಗಿದೆ ಅನ್ನಿಸಿತ್ತು. ಇವತ್ತು ಓದಿದಾಗ, ಬರೆಯದೇ ಬಿಟ್ಟಿದ್ದೇ ಹೆಚ್ಚು ಕಾಣಿಸುತ್ತೆ.

ಯಾವ ಹಳೇ ಕೇಬಲ್ ಜೊತೆ ಹೋಲಿಸಿದೆ ಅಂತ ಬರೆದಿಲ್ಲ. ಎರಡನ್ನೂ ಒಂದೇ ವಾಲ್ಯೂಮ್‌ನಲ್ಲಿ ಕೇಳಿದೆನಾ ಅಂತ ಬರೆದಿಲ್ಲ, ಯಾಕಂದ್ರೆ ನಾನು ಅದನ್ನ ನೋಡಿಯೇ ಇರಲಿಲ್ಲ. ಎಷ್ಟು ಸಲ ಅದಲುಬದಲು ಮಾಡಿದೆ ಅಂತ ಬರೆದಿಲ್ಲ. ಮಾಡಿದ್ದು ಒಂದೇ ಸಲ. ಹಳೇದು ತೆಗೆದೆ, ಹೊಸದು ಹಾಕಿದೆ, ಕಾಫಿ ಹಿಡ್ಕೊಂಡು ಕೂತೆ. ಕೇಬಲ್ ಕೊಟ್ಟಿದ್ದು ಬೆಂಗಳೂರಿನ ಒಬ್ಬ ಡೀಲರ್ ಅಂತಲೂ ಬರೆದಿಲ್ಲ. ‘ಅರ್ಜೆಂಟ್ ಏನಿಲ್ಲ, ಇಟ್ಕೊಂಡಿರಿ, ನಿಧಾನಕ್ಕೆ ಕೊಡಿ’ ಅಂದಿದ್ರು. ಎರಡು ವರ್ಷ ನನ್ನ ಮನೆಯಲ್ಲೇ ಇತ್ತು.

ಹಾಗಂತ ಯಾರೂ ನನಗೆ ಸುಳ್ಳು ಬರಿ ಅಂತ ಹೇಳಲಿಲ್ಲ. ದುಡ್ಡು ಕೊಡಲಿಲ್ಲ. ಡೀಲರ್ ಒಂದು ಪದವನ್ನೂ ತಿದ್ದಲಿಲ್ಲ. ಆವತ್ತು ನನಗೆ ನಿಜವಾಗಿಯೂ ಹಾಗೇ ಕೇಳಿಸಿತ್ತು. ಎದುರಿಗೆ 42,000 ರೂಪಾಯಿಯ ವಸ್ತು ಇದೆ, ಕೊಟ್ಟವರು ಒಳ್ಳೆಯವರು, ಬರೆಯೋಕೆ ಏನಾದ್ರೂ ಬೇಕು. ‘ಏನೂ ಗೊತ್ತಾಗಲಿಲ್ಲ’ ಅಂತ ಬರೆದ್ರೆ ಪೋಸ್ಟ್ ಆಗಲ್ಲ, ಮುಂದಿನ ಸಲ ಡೀಲರ್ ಫೋನೂ ಬರಲ್ಲ. ಇಷ್ಟು ಸಾಕಾಗುತ್ತೆ. ಲಂಚ ಬೇಕಾಗಿಲ್ಲ.

ಆ ಸಾಲುಗಳಲ್ಲಿ ಕೊನೆಯದೇ ಕೆಟ್ಟದ್ದು. ‘ಪರದೆ ಸರಿದಂತಾಯಿತು’ ಅನ್ನೋದು ನನ್ನ ಅನುಭವ ಅಂತ ಬಿಡಬಹುದು. ‘ಯಾರಿಗಾದರೂ ಕೇಳಿಸುವಷ್ಟು’ ಅಂದಾಗ ಓದುಗರ ಕಿವಿಯ ಬಗ್ಗೆಯೇ ತೀರ್ಪು ಕೊಟ್ಟ ಹಾಗಾಯ್ತು. ಕೇಳಿಸದವರು ‘ಯಾರಾದರೂ’ ಅನ್ನೋ ಲೆಕ್ಕಕ್ಕೂ ಸೇರಲ್ಲ ಅಂದ ಹಾಗೆ.

ಭಾಗ 3/9

ಚಿತ್ರದಲ್ಲಿ ಎಡಗಡೆ ನೀಲಿ ಕೇಬಲ್. ಬಲಗಡೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗೋ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್. ಸ್ವಲ್ಪ ಲೆಕ್ಕ ಮಾಡೋಣ, ಹೆದರಬೇಡಿ.

ಸ್ಪೀಕರ್ ಕೇಬಲ್‌ನ ಕೆಲಸ ಆಂಪ್‌ನಿಂದ ಬರೋ ಕರೆಂಟನ್ನ ಸ್ಪೀಕರ್‌ಗೆ ತಲುಪಿಸೋದು. ದಾರಿಯಲ್ಲಿ ಅದು ಒಡ್ಡೋ ತಡೆಯನ್ನ ಓಮ್‌ನಲ್ಲಿ ಅಳೀತಾರೆ. 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್‌ಗೆ ಒಂದು ಕಿಲೋಮೀಟರ್‌ಗೆ ಸುಮಾರು 8 ಓಮ್. ಆಂಪ್‌ನಿಂದ ಸ್ಪೀಕರ್‌ಗೆ 5 ಮೀಟರ್ ಇದ್ದರೆ, ಹೋಗಿ ಬರೋದು ಸೇರಿ 10 ಮೀಟರ್. ಅಂದ್ರೆ 0.08 ಓಮ್. ಸ್ಪೀಕರ್ 8 ಓಮ್‌ನದ್ದಾದ್ರೆ, ಇದರಿಂದ ಕಡಿಮೆ ಆಗೋ ಶಬ್ದ ಸುಮಾರು 0.09 ಡೆಸಿಬೆಲ್. ಒಂದು ಡೆಸಿಬೆಲ್‌ನ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಕೇಬಲ್ ಎಷ್ಟೇ ಒಳ್ಳೇದಾಗಲಿ, ಅದು ವಾಪಸ್ ತಂದುಕೊಡಬಹುದಾದ್ದು ಈ 0.09ರೊಳಗಿನ ಪಾಲನ್ನ ಮಾತ್ರ.

ಇನ್ನೊಂದು ವಿಷಯ. ಸ್ಪೀಕರ್‌ನ ಒಳಗೆ ವಾಯ್ಸ್ ಕಾಯಿಲ್ ಅಂತ ಇರುತ್ತೆ. ತೆಳ್ಳನೆಯ ತಂತಿಯನ್ನ ಮೀಟರ್‌ಗಟ್ಟಲೆ ಸುತ್ತಿರೋದು. 8 ಓಮ್ ಸ್ಪೀಕರ್‌ನಲ್ಲಿ ಅದೊಂದರದ್ದೇ ತಡೆ ಸುಮಾರು 6 ಓಮ್. ಹೊರಗಿನ 5 ಮೀಟರ್‌ಗೆ ಎಷ್ಟೇ ಸುರಿದರೂ ಕರೆಂಟು ಕೊನೆಗೆ ಆ ತಂತಿಯಲ್ಲೇ ಹೋಗಬೇಕು.

ಹಾಗಂತ ‘ಕೇಬಲ್ ಯಾವುದಾದ್ರೂ ಒಂದೇ’ ಅನ್ನೋದೂ ತಪ್ಪು. ಹಬ್ಬದ ಲೈಟಿನ ಸರಕ್ಕೆ ಬಳಸುವಂಥ 0.5 ಸ್ಕ್ವೇರ್ ಎಂಎಂ ತೆಳು ವೈರನ್ನ 10 ಮೀಟರ್ ಎಳೆದು, 4 ಓಮ್ ಸ್ಪೀಕರ್‌ಗೆ ಕೊಟ್ಟರೆ ನಷ್ಟ ಸುಮಾರು ಒಂದೂವರೆ ಡೆಸಿಬೆಲ್. ಅದು ಕಿವಿಗೆ ಗೊತ್ತಾಗಬಹುದು. ಸ್ಪೀಕರ್‌ನ ಓಮ್ ಎಲ್ಲಾ ಸ್ವರಕ್ಕೂ ಒಂದೇ ಇರಲ್ಲ, ಹಾಗಾಗಿ ಅಲ್ಲಿ ನಾದದ ಸ್ವಭಾವವೂ ಸ್ವಲ್ಪ ಬದಲಾಗುತ್ತೆ.

ಅಂದ್ರೆ ವೈರ್ ಸಾಕಷ್ಟು ದಪ್ಪ ಇರಬೇಕು, ಜಾಯಿಂಟ್ ಬಿಗಿಯಾಗಿರಬೇಕು. ಮೇಷ್ಟ್ರ ಹತ್ರ ಮೊದಲೇ ಇದ್ದದ್ದು ಇದೇ 2.5ರ ವೈರ್, 3 ಮೀಟರ್. ವಿಮರ್ಶೆಯಲ್ಲಿ ನಾನು ಈ ಒಂದು ಪ್ಯಾರಾ ಬರೆದಿದ್ರೆ ಅವರ ಅರಿಯರ್ಸ್ ಉಳೀತಿತ್ತು.

ಭಾಗ 4/9

ಚಿತ್ರ ನೋಡಿ ನಗಬೇಡಿ. ಹಾಲ್‌ನಲ್ಲಿ ಹಗ್ಗ ಕಟ್ಟಿ ಬೆಡ್‌ಶೀಟ್ ಇಳಿಬಿಟ್ಟಿದ್ದೀವಿ. ಅದರ ಹಿಂದೆ ನನ್ನ ಮಗಳು, ಕೈಯಲ್ಲಿ ಐದು ರೂಪಾಯಿ ನಾಣ್ಯ.

ಮೇಷ್ಟ್ರ ಮೆಸೇಜ್ ಬಂದ ಆ ಭಾನುವಾರ ಇದನ್ನ ಮಾಡಿದ್ದು. ಮೊದಲು ಎರಡೂ ಕೇಬಲ್ ಹಾಕಿ, ಒಂದೇ ಟೆಸ್ಟ್ ಟೋನ್ ಕೊಟ್ಟು, ಸ್ಪೀಕರ್‌ನ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು ನೋಡಿದೆ. ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಇತ್ತು. ಆಮೇಲೆ ಯಾವುದು ಯಾವುದು ಅಂತ ಗೊತ್ತಿದ್ದೇ ಅರ್ಧ ಗಂಟೆ ಕೇಳಿದೆ. ಗೊತ್ತಿದ್ದಾಗ ನೀಲಿ ಕೇಬಲ್ ಚೆನ್ನಾಗಿಯೇ ಕೇಳಿಸ್ತು, ಸುಳ್ಳು ಹೇಳಲ್ಲ.

ಆಮೇಲೆ ನಿಜವಾದ ಪರೀಕ್ಷೆ. ಪ್ರತಿ ಸಲ ನಾನು ರೂಮಿಂದ ಆಚೆ ಹೋಗೋದು. ಮಗಳು ನಾಣ್ಯ ಚಿಮ್ಮಿ, ಬಂದಂತೆ ಕೇಬಲ್ ಹಾಕೋದು ಅಥವಾ ಹಾಗೇ ಬಿಡೋದು. ನಾನು ಬಂದು ಅದೇ ಮನ್ಸೂರರ ರೆಕಾರ್ಡಿಂಗ್ ಕೇಳಿ, ಯಾವುದು ಅಂತ ಬರೆದಿಡೋದು. ಅವಳು ಬೆಡ್‌ಶೀಟ್ ಹಿಂದೆಯೇ ಇರಬೇಕು, ಮಾತಾಡೋ ಹಾಗಿಲ್ಲ. ಹೀಗೆ 16 ಸಲ.

ಸರಿ ಬಂದಿದ್ದು 9.

ಬರೀ ನಾಣ್ಯ ಚಿಮ್ಮಿ ಉತ್ತರ ಹೇಳಿದ್ರೂ ಸರಾಸರಿ 8 ಸರಿ ಬರುತ್ತೆ. 16ಕ್ಕೆ 12 ಅಥವಾ ಅದಕ್ಕಿಂತ ಹೆಚ್ಚು ಬಂದಿದ್ರೆ ಲೆಕ್ಕಕ್ಕೆ ತಗೋಬಹುದಿತ್ತು, ಬರೀ ಅದೃಷ್ಟದಿಂದ ಅಷ್ಟು ಬರೋ ಸಾಧ್ಯತೆ 100ಕ್ಕೆ ಸುಮಾರು 4 ಮಾತ್ರ. ಐದನೇ ಸಲ ನಾನು ‘ಇದು ಖಂಡಿತ ನೀಲಿ’ ಅಂತ ಎರಡು ಗೆರೆ ಎಳೆದು ಬರೆದಿದ್ದೆ. ಅದು ಅಂಗಡಿ ವೈರ್.

ಈ ಪರೀಕ್ಷೆಗೆ ಮಿತಿ ಇದೆ. ಕೇಬಲ್ ಬದಲಾಯಿಸೋಕೆ ಎರಡು ನಿಮಿಷ ಬೇಕು, ಅಷ್ಟರಲ್ಲಿ ಸೂಕ್ಷ್ಮ ನೆನಪು ಮಾಸುತ್ತೆ. ಕೇಳಿದವನು ನಾನೊಬ್ಬನೇ. ಹಾಗಾಗಿ ಜಗತ್ತಿನಲ್ಲಿ ಯಾರಿಗೂ ಕೇಳಿಸಲ್ಲ ಅಂತ ಇದರಿಂದ ಹೇಳೋಕೆ ಬರಲ್ಲ. ಆದ್ರೆ ‘ಮೊದಲ ನಿಮಿಷಕ್ಕೇ’, ‘ಯಾರಿಗಾದರೂ’ ಅಂತ ಬರೆದಿದ್ದ ಮನುಷ್ಯನಿಗೇ, ಅವನದೇ ಮನೆಯಲ್ಲಿ, ಅವನದೇ ಸಿಸ್ಟಮ್‌ನಲ್ಲಿ ಗೊತ್ತಾಗಲಿಲ್ಲ. ನನ್ನ ಹಳೇ ಪೋಸ್ಟ್ ಸುಳ್ಳು ಅನ್ನೋಕೆ ಅಷ್ಟು ಸಾಕು.

ಭಾಗ 5/9

‘ಹಾಗಾದ್ರೆ ಆವತ್ತು ನಿಮಗೆ ಕೇಳಿಸಿದ್ದು ಏನು?’ ಅಂತ ಮಗಳು ಕೇಳಿದಳು. ಒಳ್ಳೇ ಪ್ರಶ್ನೆ.

ಚಿತ್ರದಲ್ಲಿ ಇರೋದು ನಮ್ಮ ಮನೆಯ ಎರಡು ಲೋಟ. ಒಂದು ಬೆಳ್ಳಿ, ಒಂದು ಸ್ಟೀಲ್. ಒಂದೇ ಡಿಕಾಕ್ಷನ್, ಒಂದೇ ಹಾಲು. ಬೆಳ್ಳಿ ಲೋಟದಲ್ಲಿ ಕೊಟ್ಟಾಗ ಬಂದ ನೆಂಟರು ‘ಇವತ್ತು ಕಾಫಿ ಬಹಳ ಚೆನ್ನಾಗಿದೆ’ ಅಂತಾರೆ. ಅವರು ಸುಳ್ಳು ಹೇಳ್ತಿಲ್ಲ. ಅವರಿಗೆ ನಿಜವಾಗಲೂ ಚೆನ್ನಾಗಿದೆ. ನಾಲಗೆ ಒಂಟಿಯಾಗಿ ಕೆಲಸ ಮಾಡಲ್ಲ, ಕಿವಿಯೂ ಅಷ್ಟೇ. ಕಣ್ಣು ಕಂಡದ್ದು, ಬೆಲೆ ಕೇಳಿದ್ದು, ಯಾರೋ ಬರೆದದ್ದನ್ನ ಓದಿದ್ದು, ಎಲ್ಲಾ ಸೇರಿಯೇ ನಮಗೆ ‘ಕೇಳಿಸೋದು’.

ಇದನ್ನ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಅನ್ನೋ ಆಡಿಯೋ ಸಂಶೋಧಕರು 40 ಜನರಿಗೆ ನಾಲ್ಕು ಸ್ಪೀಕರ್ ಕೇಳಿಸಿದರು. ಒಂದು ಸಲ ಕಣ್ಣಿಗೆ ಕಾಣುವಂತೆ, ಇನ್ನೊಂದು ಸಲ ಪರದೆಯ ಹಿಂದೆ ಇಟ್ಟು. ಅದೇ ಜನ, ಅದೇ ಸ್ಪೀಕರ್, ಆದರೆ ಅಂಕಗಳು ಬದಲಾದವು. ಕಣ್ಣಿಗೆ ಕಂಡಾಗ ದೊಡ್ಡ, ದುಬಾರಿ ಸ್ಪೀಕರ್‌ಗಳಿಗೂ ಪುಟ್ಟ ಅಗ್ಗದ ಸ್ಪೀಕರ್‌ಗೂ ನಡುವೆ ದೊಡ್ಡ ಅಂತರ. ಪರದೆ ಬಂದಾಗ ಆ ಅಂತರ ಕುಗ್ಗಿತು. ಕೇಳಿದವರು ದಾರಿಹೋಕರಲ್ಲ, ಆಡಿಯೋ ಕಂಪನಿಯಲ್ಲೇ ಕೆಲಸ ಮಾಡೋರು. ಸ್ಪೀಕರ್‌ಗಳ ನಡುವೆ ನಿಜವಾದ ವ್ಯತ್ಯಾಸ ಇರುತ್ತೆ, ಅಲ್ಲೇ ಹೀಗಾದ್ರೆ ಕೇಬಲ್ ವಿಷಯದಲ್ಲಿ ಕಣ್ಣಿನ ಪಾಲು ಎಷ್ಟಿರಬಹುದು, ಯೋಚಿಸಿ.

ಇನ್ನೊಂದು ಮೋಸ ವಾಲ್ಯೂಮ್‌ನದ್ದು. ಎರಡರಲ್ಲಿ ಒಂದು ಅರ್ಧ ಡೆಸಿಬೆಲ್ ಜೋರಾಗಿದ್ರೂ, ನಮಗೆ ಅದು ‘ಜೋರು’ ಅಂತ ಗೊತ್ತಾಗದೆ ‘ಸ್ಪಷ್ಟ’, ‘ತುಂಬಿದ ನಾದ’ ಅನ್ನಿಸಬಹುದು. ಅದಕ್ಕೇ ಅಳೆದು ಸಮ ಮಾಡದೆ ಹೋಲಿಸಿದ್ರೆ ಅರ್ಥ ಇಲ್ಲ.

ಹಾಗಾಗಿ ಮೋಸಹೋಗೋದು ಅವಮಾನ ಅಲ್ಲ. ಎಲ್ಲರಿಗೂ ಆಗುತ್ತೆ ಅಂತ ಗೊತ್ತಿದ್ದೂ, ಅದನ್ನ ತಡೆಯೋಕೆ ಏನೂ ಮಾಡದೆ ಊರಿಗೆಲ್ಲ ತೀರ್ಪು ಹೇಳೋದು ತಪ್ಪು.

ಭಾಗ 6/9

ಇದು ನಮ್ಮ ಊರಿನ ಸಮಸ್ಯೆ ಮಾತ್ರ ಅಲ್ಲ. ಮೂರು ಹಳೇ ಸಂಗತಿ ಹೇಳ್ತೀನಿ.

ಒಂದು. 2008ರಲ್ಲಿ ಡೆನಾನ್ ಕಂಪನಿ ಒಂದೂವರೆ ಮೀಟರ್‌ನ ಒಂದು ನೆಟ್‌ವರ್ಕ್ ಕೇಬಲ್‌ಗೆ 499 ಡಾಲರ್ ಬೆಲೆ ಇಟ್ಟಿತ್ತು. ಸಿಗ್ನಲ್ ಯಾವ ಕಡೆ ಹೋಗಬೇಕು ಅಂತ ಅದರ ಮೇಲೆ ಬಾಣದ ಗುರುತು. ಅಂಥ ಕೇಬಲ್‌ನಲ್ಲಿ ಹೋಗೋದು ಸೊನ್ನೆ, ಒಂದುಗಳ ಲೆಕ್ಕ. ಅದು ಸರಿಯಾಗಿ ತಲುಪುತ್ತೆ, ಇಲ್ಲವೇ ತಪ್ಪುತ್ತೆ. ತಪ್ಪಿದ್ರೆ ಶಬ್ದ ಕಟ್ ಆಗುತ್ತೆ, ಚಟಚಟ ಅನ್ನುತ್ತೆ. ‘ಬೆಚ್ಚಗಿನ ನಾದ’ ಬರಲ್ಲ. ಶಾಪಿಂಗ್ ಸೈಟಿನಲ್ಲಿ ಜನ ಸಾಲುಸಾಲಾಗಿ ತಮಾಷೆಯ ವಿಮರ್ಶೆ ಬರೆದು ನಕ್ಕರು. ನಕ್ಕಿದ್ದು ಸಾಮಾನ್ಯ ಜನ.

ಎರಡು. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿ ದುಬಾರಿ ಬೆಲೆಯ ಎಲ್‌ಪಿ ರೆಕಾರ್ಡ್‌ಗಳಿಗೆ ಹೆಸರುವಾಸಿ. ಮೂಲ ಮಾಸ್ಟರ್ ಟೇಪಿನಿಂದ ನೇರವಾಗಿ, ಪೂರ್ತಿ ಅನಲಾಗ್ ದಾರಿಯಲ್ಲಿ ಬಂದವು ಅಂತ ಕೊಂಡವರು ನಂಬಿದ್ರು. 2022ರ ಜುಲೈನಲ್ಲಿ ನಿಜ ಹೊರಗೆ ಬಂತು: ವರ್ಷಗಳಿಂದ ಅನೇಕ ರೆಕಾರ್ಡ್‌ಗಳ ತಯಾರಿಯಲ್ಲಿ ನಡುವೆ ಒಂದು ಡಿಜಿಟಲ್ ಹಂತ ಇತ್ತು. ಡಿಜಿಟಲ್ ಅಂದ್ರೆ ಕಿವಿಗೆ ಚುಚ್ಚುತ್ತೆ, ತಕ್ಷಣ ಗೊತ್ತಾಗುತ್ತೆ ಅಂತಿದ್ದವರೇ ಆ ರೆಕಾರ್ಡ್‌ಗಳನ್ನ ಹೊಗಳಿದ್ರು. ಮೊಕದ್ದಮೆಯಾಯಿತು, ಪರಿಹಾರಕ್ಕೆ ಕಂಪನಿ ಒಪ್ಪಿತು. ಆ ರೆಕಾರ್ಡ್‌ಗಳ ಶಬ್ದ ಕೆಟ್ಟದಾಗಿರಲಿಲ್ಲ. ಸೋತಿದ್ದು ‘ನನಗೆ ತಕ್ಷಣ ಗೊತ್ತಾಗುತ್ತೆ’ ಅನ್ನೋ ಮಾತು.

ಮೂರು. ಜೆ. ಗಾರ್ಡನ್ ಹೋಲ್ಟ್ 1962ರಲ್ಲಿ ‘ಸ್ಟೀರಿಯೋಫೈಲ್’ ಪತ್ರಿಕೆ ಶುರು ಮಾಡಿದವರು. ಬರೀ ಅಳತೆ ಸಾಲದು, ಕಿವಿಯಿಂದ ಕೇಳಿ ಬರೀಬೇಕು ಅನ್ನೋ ವಿಮರ್ಶೆಯ ದಾರಿ ಹಾಕಿಕೊಟ್ಟವರು ಅವರೇ. 2007ರಲ್ಲಿ ಅದೇ ಪತ್ರಿಕೆಯ ಸಂದರ್ಶನದಲ್ಲಿ ಅವರು ಬೇಸರದಿಂದ ಹೇಳಿದ್ದರ ಸಾರ ಇದು: ಕಣ್ಣು ಮುಚ್ಚಿ ಕೇಳೋ ಪರೀಕ್ಷೆಗೆ ಒಪ್ಪದೆ ಈ ದುಬಾರಿ ಆಡಿಯೋ ಲೋಕ ತನ್ನ ಮೇಲಿನ ನಂಬಿಕೆಯನ್ನ ತಾನೇ ಕಳಕೊಂಡಿತು.

ಕಿವಿಯ ಪರವಾಗಿದ್ದವರೇ ಹೇಳಿದ ಮಾತು. ಹಾಗಾಗಿ ಇದನ್ನ ಕಿವಿಗೂ ಮೀಟರ್‌ಗೂ ನಡುವಿನ ಜಗಳ ಮಾಡಬೇಡಿ. ನಾನು ಪರೀಕ್ಷೆ ಮಾಡಿದ್ದೂ ಕಿವಿಯಿಂದಲೇ. ಮುಚ್ಚಿದ್ದು ಕಣ್ಣನ್ನ ಮಾತ್ರ.

ಭಾಗ 7/9

ಕಳೆದ ವಾರ ಈ ವಿಷಯ ಸ್ಟೋರಿಯಲ್ಲಿ ಹಾಕಿದಾಗ ಬಂದ ಉತ್ತರಗಳು ಚಿತ್ರದಲ್ಲಿವೆ. ಹೆಸರು ಮುಚ್ಚಿದ್ದೀನಿ. ಒಂದೊಂದಾಗಿ ನೋಡೋಣ.

‘ನಿಮ್ಮ ಸಿಸ್ಟಮ್ ಆ ಮಟ್ಟದ್ದಲ್ಲ, ಅದಕ್ಕೇ ಗೊತ್ತಾಗಿಲ್ಲ.’ ಇರಬಹುದು. ಹಾಗಾದ್ರೆ ಯಾವ ಮಟ್ಟದ ಸಿಸ್ಟಮ್ ಬೇಕು ಅಂತ ವಿಮರ್ಶೆಯಲ್ಲೇ ಬರೀರಿ. 70,000ದ ಸಿಸ್ಟಮ್ ಇರೋರು ಓದ್ತಾರೆ ಅಂತ ಗೊತ್ತಿದ್ದೂ ಬರೆಯದೇ ಇದ್ದು, ಕೊಂಡ ಮೇಲೆ ಈ ಮಾತು ಹೇಳೋದು ನ್ಯಾಯವಲ್ಲ.

‘200 ಗಂಟೆ ಬರ್ನ್-ಇನ್ ಆಗಬೇಕು.’ ಮೇಷ್ಟ್ರು ದಿನಕ್ಕೆ ಎರಡು ಗಂಟೆ ಕೇಳಿದ್ರೆ 200 ಗಂಟೆಗೆ ನೂರು ದಿನ. ಯಾವ ಅಂಗಡಿ ನೂರು ದಿನದ ಮೇಲೆ ವಾಪಸ್ ತಗೊಳುತ್ತೆ? ಆಮೇಲೆ, ಈ ಬರ್ನ್-ಇನ್ ಆದ ಮೇಲೆ ಶಬ್ದ ಯಾವಾಗಲೂ ಒಳ್ಳೇದೇ ಆಗುತ್ತಲ್ಲ, ಕೆಟ್ಟದಾಯ್ತು ಅಂತ ಯಾರೂ ಯಾಕೆ ಹೇಳಲ್ಲ? ನೂರು ದಿನದಲ್ಲಿ ಪಳಗೋದು ಕೇಬಲ್ಲಾ, ನಾವಾ?

‘ಕಿವಿ ಪಳಗಿರಬೇಕು.’ ಪಳಗಿದ ಕಿವಿ ಅನ್ನೋದು ನಿಜ. ಶ್ರುತಿ ಕೂದಲೆಳೆಯಷ್ಟು ತಪ್ಪಿದ್ರೆ ಸಂಗೀತಗಾರರಿಗೆ ಗೊತ್ತಾಗುತ್ತೆ, ಬೆಡ್‌ಶೀಟ್ ಹಿಂದೆ ಹಾಡಿದ್ರೂ ಗೊತ್ತಾಗುತ್ತೆ. ಪರದೆ ಹಾಕಿದ ತಕ್ಷಣ ಕೈಕೊಡೋದಾದ್ರೆ ಅದು ಪಳಗಿದ ಕಿವಿಯ ಲಕ್ಷಣ ಅಲ್ಲ. ಅಂದಹಾಗೆ ವಯಸ್ಸಾದಂತೆ ಎತ್ತರದ ಶಬ್ದ ಕೇಳೋ ಶಕ್ತಿ ಎಲ್ಲರಲ್ಲೂ ಕುಗ್ಗುತ್ತೆ. ನನಗೆ 47. ಟೆಸ್ಟ್ ಟೋನ್ 14,000 ಹರ್ಟ್ಜ್ ದಾಟಿದ್ರೆ ನನಗೆ ಏನೂ ಕೇಳಲ್ಲ. ಇದನ್ನೂ ನಾನು ಯಾವ ವಿಮರ್ಶೆಯಲ್ಲೂ ಬರೆದಿರಲಿಲ್ಲ.

ಈ ಮೂರೂ ಉತ್ತರಗಳನ್ನ ಗಮನಿಸಿ. ಮೂರರಲ್ಲೂ ತಪ್ಪು ಕೊಂಡವರದ್ದೇ. ಅವರ ಸಿಸ್ಟಮ್, ಅವರ ತಾಳ್ಮೆ, ಅವರ ಕಿವಿ. ವಸ್ತುವಿನ ಮೇಲೆ ತಪ್ಪು ಬರೋ ದಾರಿಯೇ ಇಲ್ಲ.

‘ಅವರ ದುಡ್ಡು, ಅವರ ಖುಷಿ, ನಿಮಗೇನು?’ ಇದನ್ನ ನಾನು ಒಪ್ತೀನಿ. ನಮ್ಮ ತಂದೆಯ ಎಚ್‌ಎಂಟಿ ವಾಚೂ ಲಕ್ಷದ ವಾಚೂ ತೋರಿಸೋದು ಅದೇ ಸಮಯ. ಆದರೂ ಜನ ಲಕ್ಷದ್ದು ಕೊಳ್ತಾರೆ, ಕೆಲಸಗಾರಿಕೆಗೆ, ಅಂದಕ್ಕೆ, ಹೆಮ್ಮೆಗೆ. ಅದರಲ್ಲಿ ತಪ್ಪೇನಿಲ್ಲ. ಆದ್ರೆ ‘ಇದರಲ್ಲಿ ಹತ್ತು ಗಂಟೆ ಇನ್ನೂ ಆಳವಾಗಿ ಕಾಣುತ್ತೆ’ ಅಂತ ವಾಚ್ ವಿಮರ್ಶಕರು ಬರೆಯಲ್ಲ. ಕೇಬಲ್ ಚೆಂದಕ್ಕೆ ಕೊಳ್ಳಿ, ಚೆಂದ ಅಂತಲೇ ಬರೆಯೋಣ.

ಭಾಗ 8/9

ಈಗ ಕಾನೂನಿನ ಮಾತು. ಚಿತ್ರದಲ್ಲಿ ಕಾಣೋದು ಡೀಲರ್‌ಗೆ ಕೇಬಲ್ ವಾಪಸ್ ಕಳಿಸಿದ ಕೊರಿಯರ್ ರಸೀದಿ.

ಜಾಹೀರಾತು ಮಾನದಂಡ ಮಂಡಳಿ, ಅಂದ್ರೆ ಆಸ್ಕಿ, 2021ರಲ್ಲೇ ಇನ್‌ಫ್ಲೂಯೆನ್ಸರ್‌ಗಳಿಗೆ ನಿಯಮ ತಂದಿತ್ತು. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ದಾರಿತಪ್ಪಿಸುವ ಜಾಹೀರಾತು ಮತ್ತು ಪ್ರಚಾರದ ಬಗ್ಗೆ ಮಾರ್ಗಸೂಚಿ ಹೊರಡಿಸಿತು. 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಅದನ್ನ ಇನ್ನೂ ಬಿಡಿಸಿ ಹೇಳಿತು: ದುಡ್ಡು ಮಾತ್ರ ಅಲ್ಲ, ಪುಕ್ಕಟೆ ವಸ್ತು, ರಿಯಾಯಿತಿ, ಉಡುಗೊರೆ, ಏನೇ ಸಂಬಂಧ ಇದ್ದರೂ ಹೇಳಬೇಕು. ಕಣ್ಣಿಗೆ ಬೀಳೋ ಹಾಗೆ ಹೇಳಬೇಕು, ಹ್ಯಾಶ್‌ಟ್ಯಾಗ್‌ಗಳ ಗುಂಪಿನಲ್ಲಿ ಅಡಗಿಸಬಾರದು. ದಾರಿತಪ್ಪಿಸಿದ್ರೆ ಮೊದಲ ಸಲ 10 ಲಕ್ಷ, ಮತ್ತೆ ಮಾಡಿದ್ರೆ 50 ಲಕ್ಷ ರೂಪಾಯಿವರೆಗೆ ದಂಡ ಹಾಕೋ ಅಧಿಕಾರ ಪ್ರಾಧಿಕಾರಕ್ಕಿದೆ.

ಎರಡು ವರ್ಷ ಮನೆಯಲ್ಲಿ ಇಟ್ಕೊಂಡ ಕೇಬಲ್‌ನ ನಾನು ‘ಸಾಲ’ ಅಂತ ನನಗೇ ಹೇಳಿಕೊಂಡಿದ್ದೆ. ಓದೋರ ಕಣ್ಣಲ್ಲಿ ಅದು ಸಂಬಂಧವೇ.

ಆದ್ರೆ ಕಾನೂನಿನಿಂದ ಎಲ್ಲಾ ಆಗಲ್ಲ. ‘ಈ ಕೇಬಲ್ ಡೀಲರ್ ಕೊಟ್ಟಿದ್ದು’ ಅಂತ ಮೊದಲ ಸಾಲಲ್ಲೇ ಬರೆದು, ಆಮೇಲೆ ‘ಮೌನ ಗಾಢವಾಯಿತು’ ಅಂತ ಬರೆದ್ರೆ ಅದನ್ನ ತಪ್ಪು ಅಂತ ತೋರಿಸೋದು ಕಷ್ಟ. ಸಂಬಂಧ ಹೇಳಿದ ಮಾತ್ರಕ್ಕೆ ವಿಮರ್ಶೆ ಪ್ರಾಮಾಣಿಕ ಆಗಲ್ಲ. ‘ಗಾಳಿಯಾಡಿತು’, ‘ದ್ರವದಂಥ ಮಧ್ಯಮ ಸ್ಥಾಯಿ’, ‘ಸಂಗೀತಮಯ’, ಈ ಪದಗಳನ್ನ ಯಾರೂ ಸುಳ್ಳು ಅಂತ ತೋರಿಸೋಕೆ ಆಗಲ್ಲ, ನಿಜ ಅಂತಲೂ ತೋರಿಸೋಕೆ ಆಗಲ್ಲ. ಅದಕ್ಕೇ ನಮಗೆ ಅವು ಅಷ್ಟು ಇಷ್ಟ.

ಸ್ಪಷ್ಟವಾಗಿ ಬರೆದ್ರೆ ಸಿಕ್ಕಿಹಾಕಿಕೊಳ್ತೀವಿ. ‘ಇಂಥ ವೈರ್ ಜೊತೆ ಹೋಲಿಸಿದೆ, ಇಷ್ಟು ಸಲ ಕೇಳಿದೆ, ಇಷ್ಟು ಸಲ ಗುರುತಿಸಿದೆ’ ಅಂದ್ರೆ ನಾಳೆ ಯಾರಾದ್ರೂ ಮಾಡಿ ನೋಡಿ ‘ತಪ್ಪು’ ಅನ್ನಬಹುದು. ಹಾಗೆ ಸಿಕ್ಕಿಹಾಕಿಕೊಳ್ಳೋಕೆ ತಯಾರಿರೋದೇ ನನ್ನ ಪ್ರಕಾರ ಪ್ರಾಮಾಣಿಕತೆ. ಅದು ಬಿಟ್ಟು ಉಳಿದದ್ದು ಬರವಣಿಗೆಯ ಬೆಡಗು.

ಭಾಗ 9/9

ಇನ್ನು ಮುಂದೆ ಈ ಪೇಜ್‌ನಲ್ಲಿ ಆಕ್ಸೆಸರಿ ಬಗ್ಗೆ ಬರೆದಾಗ ಇಷ್ಟು ಇರುತ್ತೆ. ಇಲ್ಲದಿದ್ರೆ ಕಮೆಂಟ್‌ನಲ್ಲಿ ಬಂದು ಕೇಳಿ.

1. ವಸ್ತು ಯಾರದ್ದು, ಯಾವಾಗ ವಾಪಸ್ ಹೋಗುತ್ತೆ. ಮೊದಲ ಸಾಲಲ್ಲೇ.
2. ಯಾವುದರ ಜೊತೆ ಹೋಲಿಸಿದ್ದು, ಅದರ ಬೆಲೆ ಎಷ್ಟು.
3. ವಾಲ್ಯೂಮ್ ಅಳೆದು ಸಮ ಮಾಡಿದ್ದೀನಾ.
4. ನೋಡದೆ ಕೇಳಿದಾಗ ಎಷ್ಟಕ್ಕೆ ಎಷ್ಟು ಸರಿ. ಮಾಡೋಕೆ ಆಗದಿದ್ರೆ ‘ಮಾಡಿಲ್ಲ’ ಅಂತ.
5. ಅದೇ ದುಡ್ಡಲ್ಲಿ ಬೇರೆ ಏನು ಮಾಡಬಹುದಿತ್ತು.

ಐದನೆಯದಕ್ಕೆ ಈಗಲೇ ಉತ್ತರ ಕೊಡ್ತೀನಿ. ಸ್ಪೀಕರ್‌ನ ಗೋಡೆಯಿಂದ ಒಂದಡಿ ಮುಂದೆ ಎಳೆದು ಕೇಳಿ, ಬೇಸ್ ಬದಲಾಗುತ್ತೆ, ಪುಕ್ಕಟೆ. ಬರೀ ಟೈಲ್ಸ್ ಇರೋ ಹಾಲ್‌ಗೆ ಒಂದು ದಪ್ಪ ಜಮಖಾನ, ಕಿಟಕಿಗೆ ಪರದೆ ಹಾಕಿ. ಸ್ಪೀಕರ್‌ನಲ್ಲಿ ಗುಂಯ್ ಅನ್ನೋ ಶಬ್ದ ಇದ್ದರೆ ದುಬಾರಿ ಪವರ್ ಕಾರ್ಡ್ ತರೋ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಇಯರ್‌ಫೋನ್ ಬಳಸೋರು ಕಿವಿಗೆ ಸರಿಯಾಗಿ ಕೂರೋ ಟಿಪ್ ಹಾಕಿ, ಬೇಸ್ ಸೋರೋದು ಅಲ್ಲೇ. ಇವೆಲ್ಲ ನೋಡದೆ ಕೇಳಿದ್ರೂ ಗೊತ್ತಾಗುವಂಥವು.

ಹಳೇ ಪೋಸ್ಟ್ ಡಿಲೀಟ್ ಮಾಡಿಲ್ಲ. ಮೇಲ್ಗಡೆ ‘ಇದು ತಪ್ಪು, ಯಾಕೆ ಅಂತ ಇಲ್ಲಿ ಓದಿ’ ಅಂತ ಹಾಕಿದ್ದೀನಿ. ಅಳಿಸಿದ್ರೆ ತಪ್ಪೂ ಅಳಿಸಿದ ಹಾಗಾಗುತ್ತೆ.

ಮೇಷ್ಟ್ರಿಗೆ ಅವತ್ತೇ ಫೋನ್ ಮಾಡಿ ನನ್ನ 16ರ ಕಥೆ ಹೇಳಿದೆ. ಅವರೂ ಮಗನ ಕೈಲಿ ಹತ್ತು ಸಲ ಮಾಡಿಸಿದ್ರಂತೆ, ಐದು ಸರಿ. ‘ಹಾಗಾದ್ರೆ ಡಾಕ್ಟರ್ ಹತ್ರ ಹೋಗೋದು ಬೇಡ ಅನ್ನಿ’ ಅಂತ ನಕ್ಕರು. ನಷ್ಟದಲ್ಲಿ ಅರ್ಧ ನಾನು ಕೊಡ್ತೀನಿ ಅಂದೆ. ‘ಬೇಡ ಸರ್, ತಿದ್ದಿ ಬರೀರಿ ಸಾಕು’ ಅಂದ್ರು.

ಹೋದ ವಾರ ಅವರು ಆ ಕೇಬಲ್‌ನ ಸೆಕೆಂಡ್ ಹ್ಯಾಂಡ್ ಮಾರಿದ್ರು, ಅರ್ಧಕ್ಕಿಂತ ಕಡಿಮೆಗೆ. ಮಾರಾಟಕ್ಕೆ ಅವರು ಹಾಕಿದ್ದ ಒಕ್ಕಣೆ ಈ ಕೊನೆಯ ಚಿತ್ರದಲ್ಲಿದೆ: ‘ಕೇಬಲ್ ಹೊಸದರಂತಿದೆ, ನೋಡೋಕೆ ಚೆನ್ನಾಗಿದೆ. ಮನೆಯ 2.5 ವೈರ್‌ಗಿಂತ ಬೇರೆ ಅಂತ ನನಗೆ ಗೊತ್ತಾಗಲಿಲ್ಲ, ಕಣ್ಣು ಮುಚ್ಚಿ ಹತ್ತು ಸಲ ಕೇಳಿದ್ದೀನಿ.’ ಇಷ್ಟು ಓದಿಯೂ ಒಬ್ಬರು ಬಂದು ಕೊಂಡ್ರು. ನೀಲಿ ಬಣ್ಣ ಅವರ ರ‍್ಯಾಕ್‌ಗೆ ಹೊಂದುತ್ತಂತೆ.

ಕೊಟ್ಟವರಿಗೂ ಕೊಂಡವರಿಗೂ ಏನು ಕೈ ಬದಲಾಯ್ತು ಅಂತ ಸ್ಪಷ್ಟವಾಗಿ ಗೊತ್ತಿತ್ತು. ಆ ಕೇಬಲ್ ಬಗ್ಗೆ ಇಲ್ಲಿಯವರೆಗೆ ಬಂದ ಒಳ್ಳೇ ವಿಮರ್ಶೆ ಅದು. ಬರೆದವರು ನಾನಲ್ಲ.

ನೀವು ಯಾರದ್ದೋ ಮಾತು ನಂಬಿ ಕೊಂಡು, ಕೇಳಿಸದೆ ಸುಮ್ಮನಾಗಿದ್ರೆ, ಕೆಳಗೆ ಬರೀರಿ. ಬ್ರ್ಯಾಂಡ್ ಹೆಸರು ಬೇಡ. ‘ನನಗೂ ಕೇಳಿಸಲಿಲ್ಲ’ ಅಂತ ಇಷ್ಟೇ ಸಾಕು.

#ಕನ್ನಡಆಡಿಯೋ #ನೋಡದೆಕೇಳಿ #ಸ್ಪೀಕರ್‌ಕೇಬಲ್ #ತಿದ್ದುಪಡಿ